ಸೊನ್ನೆಯಿಂದ ಇನ್ನೂರ ನಲವತ್ತೊಂಬತ್ತು

ಲೆಂಪಿ ಕಾಂಗಸ್ ಸುಳ್ಳು ಹೇಳಿದ್ದನ್ನು ನಾನು ಐವತ್ತು ವರ್ಷದಲ್ಲಿ ಲೆಕ್ಕಕ್ಕೆ ಸಿಗುವಷ್ಟೇ ಸಲ ಕೇಳಿದ್ದೇನೆ, ಎಲ್ಲವೂ ಒಂದೇ ಚಳಿಗಾಲದಲ್ಲಿ. ಅಂಥವಳನ್ನು ನಮ್ಮ ಪೈಕ್ ಬೇ ಊರಿನ ಇಂಟರ್ನೆಟ್ ಸಹಕಾರ ಸಂಘದ ವ್ಯವಸ್ಥಾಪಕಿಯ ಕೆಲಸದಿಂದ ಸುಳ್ಳುಗಾರ್ತಿ ಎಂದು ಇಳಿಸಿದೆವು. ಇಳಿಸಿದೆವು ಎಂದು ಬಹುವಚನ ಬಳಸಿ ಜಾರಿಕೊಳ್ಳುವುದು ಬೇಡ. ಮೊದಲು ಎದ್ದು ನಿಂತವಳು ನಾನು, ವೆರ್ನಾ ಟ್ರೆಜೋನ. ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಹಿಂದಿನ ಸೀಟಿನವರೆಗೂ ಮುಟ್ಟುವ ಗಂಟಲು ನನ್ನದು, ಆ ದಿನ ಅದನ್ನು ಪೂರ್ತಿ ಬಳಸಿದೆ.

ಲೆಂಪಿಯೂ ನಾನೂ ಒಂದೇ ತರಗತಿ. ಹದಿನೆಂಟನೆಯ ವರ್ಷಕ್ಕೆ ಅವಳು ಊರಿನ ಟೆಲಿಫೋನ್ ಕಚೇರಿ ಸೇರಿದಳು. ಯಾರ ಗಂಡ ಯಾರಿಗೆ ಫೋನ್ ಮಾಡುತ್ತಾನೆ, ಯಾರ ಮಗಳು ಡಿಟ್ರಾಯಿಟ್‌ನಿಂದ ಅಳುತ್ತಾ ಮಾತಾಡುತ್ತಾಳೆ, ಎಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಒಂದು ಮಾತೂ ಹೊರಗೆ ಬರಲಿಲ್ಲ. ನಾನು ಎಷ್ಟೋ ಸಲ ಕೆದಕಿದ್ದೇನೆ, ಸುಳ್ಳೇಕೆ ಹೇಳಲಿ. "ನಿನ್ ಹೊಟ್ಟೆ ಏನ್ ಬಾವಿನೇನೇ?" ಎಂದರೆ, "ಇನ್ನೊಂದ್ ಲೋಟ ಕಾಫಿ ಹಾಕ್ಲಾ?" ಎನ್ನುತ್ತಿದ್ದಳು.

ದೊಡ್ಡ ಕಂಪನಿಗಳು ಸುಪೀರಿಯರ್ ಸರೋವರದ ಈ ದಂಡೆಗೆ ಕೇಬಲ್ ಎಳೆಯುವುದಿಲ್ಲ, ಬರೀ ಕಾಡು, ಬರೀ ಹಿಮ ಎಂದು ಕೈಕೊಡವಿಕೊಂಡಾಗ ನಾವೇ ಸಂಘ ಕಟ್ಟಿಕೊಂಡೆವು. ಆರುನೂರ ಹನ್ನೊಂದು ಮನೆ. ಕಚೇರಿಯಲ್ಲಿ ಪತ್ರ ಬರೆಯುವವಳೂ ಲೆಂಪಿ, ಜನವರಿಯಲ್ಲಿ ಕಂಬದ ಮೇಲೆ ಹೆಪ್ಪುಗಟ್ಟಿದ ಪೆಟ್ಟಿಗೆಯನ್ನು ಬಡಿದು ತೆರೆಯುವವಳೂ ಲೆಂಪಿ.

ಸಂಘಕ್ಕೆ ಒಂದು ನಿಯಮವಿತ್ತು. ಫೆಬ್ರುವರಿಯ ಎರಡನೆಯ ಶನಿವಾರ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ವಾರ್ಷಿಕ ಸಭೆ. ವ್ಯವಸ್ಥಾಪಕಿ ವರದಿಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಯಾವ ಸದಸ್ಯನಾದರೂ ಎದ್ದು ನಿಂತು ಪ್ರಶ್ನೆ ಹಾಕಬಹುದು, ಅವಳು ಆ ಕ್ಷಣಕ್ಕೇ ಉತ್ತರ ಕೊಡಬೇಕು. ಆಮೇಲೆ ನೋಡಿ ಹೇಳುತ್ತೇನೆ ಎನ್ನುವಂತಿಲ್ಲ. ನಮ್ಮ ಅಜ್ಜಂದಿರು ಗಣಿ ಕಂಪನಿಯ ಕೈಯಲ್ಲಿ ಏನೂ ತಿಳಿಯದೆ ಸತ್ತವರು, ಆ ನಿಯಮ ಅಲ್ಲಿಂದ ಬಂದದ್ದು. ಅದಕ್ಕೆ ನಾವು 'ಎದ್ದು ಕೇಳುವುದು' ಎನ್ನುತ್ತೇವೆ. ಎದ್ದು ಕೇಳಿದ ಪ್ರಶ್ನೆಗೆ ಲೆಂಪಿ ಒಂದು ಸಲವೂ ತಡವರಿಸಿದ್ದಿಲ್ಲ.

ಸರ್ಕಾರ ಜನರ ಫೋನು, ಮಿಂಚಂಚೆಗಳ ಜಾಡು ಹಿಡಿಯುತ್ತಿದೆ ಎಂಬ ಸುದ್ದಿ 2013ರಲ್ಲಿ ಪತ್ರಿಕೆಗಳ ತುಂಬ ಬಂತಲ್ಲ, ಆ ವರ್ಷ ನಾನೇ ಲೆಂಪಿಗೆ ಗಂಟುಬಿದ್ದು ವರದಿಯಲ್ಲಿ ಒಂದು ಸಾಲು ಸೇರಿಸುವಂತೆ ಮಾಡಿದೆ. 'ಸದಸ್ಯರ ವಿವರ ಕೇಳಿ ಸರ್ಕಾರದಿಂದ ಬಂದ ಪತ್ರಗಳು: ಒಂದೂ ಇಲ್ಲ.' 2014ರ ಸಭೆಯಲ್ಲಿ ಅವಳು ಅದನ್ನು ಓದಿದಾಗ ಚಪ್ಪಾಳೆ ಬಿತ್ತು. ನಾನು ನನ್ನ ಸುತ್ತ ನೋಡಿಕೊಂಡು ಬೀಗಿದೆ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಕೇಂದ್ರದ ತನಿಖಾ ಇಲಾಖೆಯವರು ಇಬ್ಬರು ಕಚೇರಿಗೆ ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಇದು ನನಗೆ ಗೊತ್ತಾದದ್ದು ಮೂರೂವರೆ ವರ್ಷ ಕಳೆದ ಮೇಲೆ. ಬಂದವರಿಗೆ ಕಾಫಿ ಕೊಡದೆ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಲೆಂಪಿ ಏಲಕ್ಕಿ ಬ್ರೆಡ್ಡನ್ನೂ ಕೊಯ್ದಿಟ್ಟಳು. ಅವರು ತಿಂದು, ಚೆನ್ನಾಗಿದೆ ಎಂದು ಹೇಳಿ, ಲಕೋಟೆ ಮುಂದಿಟ್ಟರು.

ಒಳಗೆ ಎರಡು ಹಾಳೆ. ಸಂಘದ ಒಬ್ಬ ಸದಸ್ಯರ ಹೆಸರು. ಆ ವ್ಯಕ್ತಿ ಮೂರು ವರ್ಷದಲ್ಲಿ ಯಾರಿಗೆ ಬರೆದರು, ಯಾವಾಗ ಬರೆದರು, ಯಾರಿಂದ ಬಂತು, ಆ ಪಟ್ಟಿ ಬೇಕು. ಕೆಳಗೆ ಇಲಾಖೆಯ ಅಧಿಕಾರಿಯ ಸಹಿ ಇತ್ತು, ನ್ಯಾಯಾಧೀಶರ ಸಹಿ ಇರಲಿಲ್ಲ. ಇಂಥ ಪತ್ರ ಬಂದಿದೆ ಎಂಬುದನ್ನೇ ಯಾರಿಗೂ ತಿಳಿಸಕೂಡದು, ತಿಳಿಸಿದರೆ ಜೈಲಾಗಬಹುದು ಎಂದು ಎರಡನೆಯ ಹಾಳೆ ಹೇಳುತ್ತಿತ್ತು.

"ಸಂಘದ ಅಧ್ಯಕ್ಷರಿಗೆ ಹೇಳ್ಬಹುದಲ್ಲ?" ಎಂದು ಲೆಂಪಿ ಕೇಳಿದಳು.

"ಇಲ್ಲ ಮೇಡಂ."

"ನನ್ ಗಂಡಂಗೆ?"

"ಅವ್ರಿಗೂ ಇಲ್ಲ."

"ವಕೀಲರಿಗೆ?"

ಆ ಹೆಂಗಸು ಎರಡನೆಯ ಹಾಳೆಯನ್ನು ಇನ್ನೊಮ್ಮೆ ನೋಡಿ, "ವಕೀಲರಿಗೆ ಹೇಳ್ಬಹುದು," ಎಂದಳು.

ಅವರು ಹೋದ ಮೇಲೆ ಲೆಂಪಿ ಬಾಗಿಲಿಗೆ 'ಊಟಕ್ಕೆ ಹೋಗಿದ್ದೇನೆ' ಎಂಬ ಫಲಕ ಹಾಕಿ ಒಳಗೇ ಕೂತಳಂತೆ. ಹತ್ತೂವರೆ ಗಂಟೆಗೆ ಊಟದ ಫಲಕ. ಅದನ್ನು ಅಂದು ಯಾರಾದರೂ ಗಮನಿಸಿದ್ದರೆ ಊರೆಲ್ಲ ಅದೇ ಮಾತಾಗುತ್ತಿತ್ತು.

ಅವಳಿಗೆ ಸಿಕ್ಕ ವಕೀಲೆ ಪ್ರಿಸ್ಕಾ ಓಡಮ್ ಎಂಬ ಚಿಕ್ಕ ವಯಸ್ಸಿನವಳು. ನಾಗರಿಕ ಹಕ್ಕುಗಳ ಸಂಸ್ಥೆಯೊಂದರ ಪರವಾಗಿ ಡಿಟ್ರಾಯಿಟ್‌ನಿಂದ ಮಾರ್ಕ್ವೆಟ್ ಪಟ್ಟಣಕ್ಕೆ ತಿಂಗಳಿಗೊಮ್ಮೆ ಬರುತ್ತಿದ್ದಳು. ಪೈಕ್ ಬೇಯಿಂದ ಅಲ್ಲಿಗೆ ಎರಡು ಗಂಟೆಯ ದಾರಿ. ಪಟ್ಟಿ ಕೊಡುವುದಿಲ್ಲ ಎಂದು ಲೆಂಪಿ ತಕರಾರು ಹೂಡಿದಳು. ಆ ಮೊಕದ್ದಮೆಯೂ ಗುಟ್ಟು, ಕೋರ್ಟಿನ ಕಾಗದದಲ್ಲಿ ಅವಳ ಹೆಸರೂ ಇರಲಿಲ್ಲ. ಮನೆಯಲ್ಲಿ ಗಂಡ ರೇನೋ ಬಳಿ, ತನಗೆ ಹಲ್ಲುನೋವು, ಮಾರ್ಕ್ವೆಟ್‌ನ ಡಾಕ್ಟರಿಗೆ ತೋರಿಸಬೇಕು ಎಂದು ಹೇಳಿ ಹೊರಡುತ್ತಿದ್ದಳು. ನವೆಂಬರ್‌ನಲ್ಲಿ ಹಲ್ಲು, ಡಿಸೆಂಬರ್‌ನಲ್ಲಿ ಹಲ್ಲು, ಜನವರಿಯಲ್ಲೂ ಹಲ್ಲು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳಿಗೆ ಗಂಡನ ಮುಂದೆ ಎರಡನೆಯ ಸುಳ್ಳು ಹೊಳೆಯಲೇ ಇಲ್ಲ.

ನನಗೂ ಅವಳಿಗೂ ಮೂವತ್ತು ವರ್ಷದಿಂದ ಒಂದು ರೂಢಿಯಿತ್ತು. ಶನಿವಾರ ಮಧ್ಯಾಹ್ನ ಅವರ ಹಿತ್ತಲಿನ ಸೌನಾದಲ್ಲಿ, ಕಾದ ಕಲ್ಲಿಗೆ ನೀರು ಚೆಲ್ಲಿ, ಹಬೆಯಲ್ಲಿ ಕೂತು ಮಾತು. ಅಲ್ಲಿ ಆಡದ ಮಾತಿರಲಿಲ್ಲ. ಆ ಚಳಿಗಾಲ ಅವಳು ಸೌನಾದ ಒಲೆ ಬಿರುಕುಬಿಟ್ಟಿದೆ ಎಂದು ನನ್ನನ್ನು ಕರೆಯುವುದು ಬಿಟ್ಟಳು. ಆದರೆ ಶನಿವಾರ ಶನಿವಾರ ಅವರ ಹಿತ್ತಲಿನಿಂದ ಹೊಗೆ ಏಳುವುದು ನನ್ನ ಅಡುಗೆಮನೆಯ ಕಿಟಕಿಗೇ ಕಾಣುತ್ತದೆ. ನನಗೆ ಎಷ್ಟು ನೋವಾಯಿತೆಂದು ಹೇಳಲಾರೆ. ಅಲ್ಲಿ ನಿನ್ನ ಮುಂದೆ ಕೂತಿದ್ದರೆ ನನ್ನ ಕೈಲಿ ತಡೆಯಲಾಗುತ್ತಿರಲಿಲ್ಲ ಎಂದು ಆಮೇಲೆ ಹೇಳಿದಳು. ಆಗ ನನಗೆ ಅದು ಹೇಗೆ ತಿಳಿಯಬೇಕು? ನನ್ನಿಂದ ಏನೋ ತಪ್ಪಾಗಿದೆ ಎಂದು ಎರಡು ವಾರ ಕೊರಗಿದೆ, ಆಮೇಲೆ ತಪ್ಪು ಅವಳದ್ದೇ ಎಂದು ತೀರ್ಮಾನಿಸಿದೆ.

ಜನವರಿ ಕೊನೆಯಲ್ಲಿ ರೇನೋ ನಮ್ಮ ಮನೆಗೆ ಬಂದ. ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ವೆರ್ನಾ, ಲೆಂಪಿ ನಿಂಗೇನಾದ್ರೂ ಹೇಳಿದ್ಲಾ?"

"ನನ್ ಜೊತೆ ಮಾತಾಡೋದೇ ಬಿಟ್ಟಿದಾಳೆ ನಿನ್ ಹೆಂಡ್ತಿ. ಏನಾಯ್ತು?"

"ಹಲ್ಲಿನ ಡಾಕ್ಟ್ರಿಗೆ ಫೋನ್ ಮಾಡ್ದೆ. ಅವ್ಳು ಅಲ್ಲಿಗೆ ಹೋಗೇ ಇಲ್ವಂತೆ." ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿದ. "ಕ್ಯಾನ್ಸರ್ರೇ ಇರ್ಬೇಕು. ನಂಗೆ ಹೇಳೋಕೆ ಹೆದರ್ತಿದಾಳೆ. ಯಾರ್ಗೂ ಹೇಳ್ಬೇಡ ಕಣೇ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅತ್ತ ಮಾರ್ಕ್ವೆಟ್‌ನಲ್ಲಿ ಪ್ರಿಸ್ಕಾ ಲೆಂಪಿಗೆ ಸಭೆಯ ವಿಷಯ ಬಿಡಿಸಿ ಹೇಳುತ್ತಿದ್ದಳು. ಪತ್ರ ಬಂದಿಲ್ಲದ ಕಂಪನಿ 'ಒಂದೂ ಇಲ್ಲ' ಎಂದು ಹೇಳಬಹುದು. ಬಂದಿದ್ದರೆ ಎಷ್ಟು ಎಂದು ಹೇಳುವಂತಿಲ್ಲ. ಸರ್ಕಾರ ಒಪ್ಪಿದ ಒಂದೇ ಒಂದು ಮಾತಿದೆ: ಸೊನ್ನೆಯಿಂದ ಇನ್ನೂರ ನಲವತ್ತೊಂಬತ್ತು.

"ಒಂದ್ ಬಂದಿದ್ರೂ ಅದೇನಾ?"

"ಒಂದ್ ಬಂದ್ರೂ ಅದೇ, ಇನ್ನೂರು ಬಂದ್ರೂ ಅದೇ."

"ನಮ್ಮೂರಲ್ಲಿರೋದೇ ಆರ್ನೂರ ಹನ್ನೊಂದ್ ಮನೆ ಕಣಮ್ಮಾ."

"ಗೊತ್ತು. ದೊಡ್ಡ ದೊಡ್ಡ ಕಂಪನಿಗಳಿಗೆ ಅಂತ ಮಾಡಿದ್ ಲೆಕ್ಕ ಅದು. ಲೆಂಪಿ, ಆ ಸಾಲು ಬಿಟ್ಬಿಡಿ. ಓದ್ಲೇಬೇಡಿ."

"ವೆರ್ನಾ ಎದ್ದು ಕೇಳ್ತಾಳೆ," ಎಂದಳಂತೆ ಲೆಂಪಿ.

ಎಷ್ಟು ಸರಿಯಾಗಿ ಅರಿತಿದ್ದಳು ನನ್ನನ್ನು! 'ಒಂದೂ ಇಲ್ಲ' ಎಂದುಬಿಟ್ಟಿದ್ದರೆ ಕೆಲಸ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಯಾರಿಗೂ ಸುಳಿವು ಸಿಗುತ್ತಿರಲಿಲ್ಲ. ಹಲ್ಲಿನ ವಿಷಯಕ್ಕೆ ಸುಳ್ಳು ಹೇಳಿದವಳು ಅದನ್ನೂ ಹೇಳಬಹುದಿತ್ತು. ಆದರೆ ಎದ್ದು ಕೇಳಿದವರಿಗೆ ಸುಳ್ಳು ಹೇಳುವುದು ಅವಳಿಂದ ಸಾಧ್ಯವಿರಲಿಲ್ಲ.

ಸಭೆಯ ದಿನ ಹೊರಗೆ ಸೊಂಟದುದ್ದ ಹಿಮ. ಒಳಗೆ ಇನ್ನೂರ ಅರವತ್ತು ಜನ, ಒದ್ದೆ ಉಣ್ಣೆಯ ವಾಸನೆ, ಹಿಂದಿನ ಮೇಜಿನ ಮೇಲೆ ಮಾಂಸದ ಕಡುಬುಗಳ ರಾಶಿ. ರೇನೋ ಮೊದಲ ಸಾಲಿನಲ್ಲಿದ್ದ. ಅಧ್ಯಕ್ಷ ಎಲ್ಮೋ ಬೆರ್ಟೂಚಿ, ಊರಿನ ಗ್ಯಾರೇಜಿನವನು, ಮರದ ಸುತ್ತಿಗೆ ಬಡಿದ. ಲೆಂಪಿ ಓದತೊಡಗಿದಳು. ಬಿದ್ದ ಕಂಬಗಳು ಎಷ್ಟು, ಜಿಂಕೆ ಗುದ್ದಿ ಹಾಳಾದ ಪೆಟ್ಟಿಗೆಗಳು ಎಷ್ಟು, ಎಲ್ಲ ಓದಿದಳು. ಕೊನೆಯ ಹಾಳೆಗೆ ಬಂದಾಗ ನೀರು ಕುಡಿದಳು.

"ಸದಸ್ಯರ ವಿವರ ಕೇಳಿ ಸರ್ಕಾರದಿಂದ ಬಂದ ಪತ್ರಗಳು: ಸೊನ್ನೆಯಿಂದ ಇನ್ನೂರ ನಲವತ್ತೊಂಬತ್ತು."

ಹಿಂದೆ ಯಾರೋ ನಕ್ಕರು, ತಪ್ಪಿ ಓದಿದಳು ಎಂದುಕೊಂಡು.

"ಲೆಂಪಿ, ಸೊನ್ನೆನೋ ಇನ್ನೂರ ನಲವತ್ತೊಂಬತ್ತೋ?" ಎಂದ ಎಲ್ಮೋ.

"ಸೊನ್ನೆಯಿಂದ ಇನ್ನೂರ ನಲವತ್ತೊಂಬತ್ತು."

ನಗು ನಿಂತಿತು. ಜನ ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಿದ್ದುದು ಮುಖಗಳಲ್ಲಿ ಕಾಣುತ್ತಿತ್ತು. ಐದು ಮನೆಗೆ ಎರಡು ಮನೆ! ದೊಡ್ಡ ಕಂಪನಿಯೊಂದು ಆ ಮಾತು ಹೇಳಿದ್ದರೆ ಯಾರೂ ಕತ್ತೆತ್ತಿ ನೋಡುತ್ತಿರಲಿಲ್ಲ. ನಮ್ಮಲ್ಲಿ ಒಬ್ಬೊಬ್ಬರೂ ಅಕ್ಕಪಕ್ಕದ ಕುರ್ಚಿಯನ್ನು ನೋಡಿದರು, ಆಮೇಲೆ ತಮ್ಮ ತಮ್ಮ ಕೈಯನ್ನು ನೋಡಿಕೊಂಡರು. ಹಿಂದಿನ ವರ್ಷ ನಾನು ಚರ್ಚಿನ ಹೆಂಗಸರಿಂದ ಉಣ್ಣೆಯ ಕಾಲುಚೀಲ ಹೆಣೆಸಿ, ಸಿರಿಯಾದ ಗಡಿಯ ನಿರಾಶ್ರಿತರಿಗೆ ಕಳಿಸಿದ್ದೆ. ಅಲ್ಲಿಯ ಒಬ್ಬ ಹೆಂಗಸಿಗೆ ವಾರಕ್ಕೆ ನಾಲ್ಕು ಸಲ ಮಿಂಚಂಚೆ ಬರೆಯುತ್ತಿದ್ದೆ. ಹೆದರಿಕೆ ನನ್ನಲ್ಲಿ ಯಾವಾಗಲೂ ಸಿಟ್ಟಾಗಿಯೇ ಹೊರಬರುವುದು. ಎದ್ದು ನಿಂತೆ.

"ಲೆಂಪಿ, ನಾನು ಎದ್ದು ಕೇಳ್ತಿದೀನಿ. ಹೋದ್ ವರ್ಷ ಒಂದೂ ಇಲ್ಲ ಅಂದೆ. ಈ ವರ್ಷನೂ ಅಷ್ಟ್ ಹೇಳು, ಕೂತ್ಕೋತೀನಿ."

"ನನ್ ಉತ್ತರ ಓದಿದೀನಿ ವೆರ್ನಾ."

"ಅದ್ ಉತ್ತರ ಅಲ್ಲ ಕಣೇ, ಹವಾಮಾನ ವರದಿ. ಹಿಮ ಬಿದ್ರೂ ಬೀಳ್ಬಹುದು, ಬೀಳ್ದೇನೂ ಇರ್ಬಹುದು!"

ಸಭೆ ನಕ್ಕಿತು. ಆ ನಗು ನನಗೆ ಬೇಕಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

"ನಮ್ ವಿವರ ಕೊಟ್ಯಾ? ಹೌದು ಅನ್ನು, ಇಲ್ಲ ಅನ್ನು."

ಅವಳು ಹಾಳೆಯನ್ನು ಮಡಿಸಿದಳು, ಮತ್ತೆ ಬಿಡಿಸಿದಳು. ಕೊಡಲಿಲ್ಲ ಎಂದರೂ ಪತ್ರ ಬಂದಿತ್ತು ಎಂದಾಗುತ್ತಿತ್ತು. ನನ್ನ ಕಣ್ಣಿಗೆ ಕಂಡದ್ದು ಸಿಕ್ಕಿಬಿದ್ದ ಹೆಂಗಸು.

"ಹಾಗಾದ್ರೆ ಇದನ್ನಾದ್ರೂ ಹೇಳು," ಎಂದೆ. "ಮೂರ್ ತಿಂಗ್ಳಿಂದ ಹಲ್ನೋವು ಅಂತ ಮಾರ್ಕ್ವೆಟ್‌ಗೆ ಹೋಗ್ತಿದೀಯಲ್ಲ, ಹಲ್ಲಿನ ಡಾಕ್ಟ್ರು ನಿನ್ ಮುಖಾನೇ ನೋಡಿಲ್ವಂತೆ. ಅಲ್ಲಿ ಯಾರನ್ ನೋಡಕ್ ಹೋಗ್ತೀಯ?"

ರೇನೋ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ಅವನಿಗೆ ಕೊಟ್ಟ ಮಾತು ಮುರಿದಿದ್ದೆ. ಮಾರ್ಕ್ವೆಟ್‌ನಲ್ಲಿ ಕೇಂದ್ರದ ಕಚೇರಿಗಳಿವೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಗುಸುಗುಸು ಕುರ್ಚಿಯಿಂದ ಕುರ್ಚಿಗೆ ಹಬ್ಬಿತು. ಯಾರೋ, "ಬೇಹುಗಾರ್ತಿ!" ಎಂದು ಕೂಗಿದರು. ಎಲ್ಮೋ ಸುತ್ತಿಗೆ ಬಡಿದೂ ಬಡಿದೂ ಸೋತ.

"ಲೆಂಪಿ, ಏನಾದ್ರೂ ಹೇಳಮ್ಮಾ," ಎಂದು ಬೇಡಿಕೊಂಡ.

"ನಿಮಗೆ ಉತ್ತರ ಕೊಡೋದು ನನ್ ಕರ್ತವ್ಯ," ಎಂದಳು ಲೆಂಪಿ. ಅವಳ ದನಿ ಹಿಂದಿನ ಸಾಲಿಗೆ ಮುಟ್ಟಲಿಲ್ಲ. "ನನ್ ಕೈಲಿ ಆಗ್ತಿಲ್ಲ. ಹಾಗಿದ್ಮೇಲೆ ನೀವು ಏನ್ ತೀರ್ಮಾನ ಮಾಡಿದ್ರೂ ಅದು ನ್ಯಾಯವೇ."

ಕೈ ಎತ್ತಿಸಿ ಎಣಿಸಿದರು. ಅವಳನ್ನು ತೆಗೆಯಬೇಕೆಂದು ನೂರ ಎಪ್ಪತ್ತೊಂದು, ಬೇಡವೆಂದು ಎಂಬತ್ತೆಂಟು. ಅವಳು ಕಚೇರಿಯ ಬೀಗದಕೈ ಗೊಂಚಲನ್ನು ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡು, ಗಂಡನ ಜೊತೆ ಮೆಟ್ಟಿಲು ಹತ್ತಿದಳು.

ಗಾಡಿಯಲ್ಲಿ ರೇನೋ ಕೇಳಿದ್ದು ಎರಡೇ ಪ್ರಶ್ನೆಯಂತೆ. "ಕ್ಯಾನ್ಸರ್ ಅಲ್ವಲ್ಲ?" "ಅಲ್ಲ." "ಇನ್ನೊಬ್ಬ ಯಾರೂ ಅಲ್ವಲ್ಲ?" "ಅಯ್ಯೋ, ಅಲ್ಲ ಕಣೋ." "ಸರಿ ಬಿಡು," ಎಂದು ಗಾಡಿ ಹೊರಡಿಸಿದ. ಆಮೇಲೆ ಮೂರು ವರ್ಷ ಮತ್ತೆ ಕೇಳಲಿಲ್ಲ. ಆ ಮನುಷ್ಯನ ಕಾಲಿನ ಧೂಳಿಗೂ ನಾನು ಸಮನಲ್ಲ.

ಲೆಂಪಿ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಅಂಗಡಿಯಲ್ಲಿ ಎದುರಾದರೆ ನಾನು ತಳ್ಳುಗಾಡಿಯನ್ನು ಪಕ್ಕದ ಸಾಲಿಗೆ ತಿರುಗಿಸಿಕೊಳ್ಳುತ್ತಿದ್ದೆ. ಅವಳ ತಾಯಿ ತೀರಿಕೊಂಡಾಗ ಊರಿನ ಅರ್ಧ ಜನ ಹೋಗಲಿಲ್ಲ. ನಾನೂ ಹೋಗಲಿಲ್ಲ. ಆ ತಾಯಿ ನನಗೆ ಹೆಣೆಯಲು ಕಲಿಸಿದವಳು.

2015ರ ಆಗಸ್ಟ್‌ನಲ್ಲಿ, ತೀರ್ಪಿಗೆ ಒಂದು ವಾರವಿರುವಾಗ, ಇಲಾಖೆ ತನ್ನ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿತಂತೆ. ಪಟ್ಟಿ ಬೇಡ ಎಂದಿತು, ಬಾಯಿಗೆ ಹಾಕಿದ ಬೀಗವನ್ನು ಮಾತ್ರ ತೆಗೆಯಲಿಲ್ಲ. ಲೆಂಪಿ ಗೆದ್ದಿದ್ದಳು. ಪ್ರಿಸ್ಕಾ ಫೋನಿನಲ್ಲಿ ಕೂಗಿ ಕುಣಿಯುತ್ತಿದ್ದರೆ, ಇವಳು ವೃದ್ಧಾಶ್ರಮದ ಉಗ್ರಾಣದಲ್ಲಿ ಆಲೂಗಡ್ಡೆ ಚೀಲದ ಮೇಲೆ ಕೂತು ಅತ್ತಳಂತೆ. ಕಣ್ಣೊರೆಸಿಕೊಂಡು ಬಂದು ಮಧ್ಯಾಹ್ನದ ಸೂಪು ಬಡಿಸಿದಳು.

2018ರ ಮೇ ತಿಂಗಳಲ್ಲಿ ಬೀಗ ಅರ್ಧ ಸಡಿಲವಾಯಿತು. ಪತ್ರ ಬಂದಿತ್ತು ಎನ್ನಬಹುದು, ಕೊಡಲಿಲ್ಲ ಎನ್ನಬಹುದು. ಅದು ಯಾರ ಬಗ್ಗೆ ಎಂದು ಮಾತ್ರ ಇಂದಿಗೂ ಹೇಳುವಂತಿಲ್ಲ. ನಮ್ಮ ವಾರಪತ್ರಿಕೆ ಆ ಎರಡು ಹಾಳೆಗಳನ್ನು ಹಾಗೆಯೇ ಅಚ್ಚು ಹಾಕಿತು. ಹೆಸರಿದ್ದ ಜಾಗದಲ್ಲಿ ಕಪ್ಪು ಪಟ್ಟಿ. ನಾನು ಆ ಪಟ್ಟಿಯ ಉದ್ದವನ್ನು ಅಡಿಪಟ್ಟಿಯಿಟ್ಟು ಅಳೆದೆ, 'ವೆರ್ನಾ ಟ್ರೆಜೋನ' ಅದರಲ್ಲಿ ಹಿಡಿಸುತ್ತದೆಯೇ ಎಂದು. ಹಿಡಿಸಿತು. 'ಎಲ್ಮೋ ಬೆರ್ಟೂಚಿ' ಕೂಡ ಹಿಡಿಸಿತು.

ಮಾರನೆಯ ದಿನದಿಂದ ಲೆಂಪಿಯ ಅಡುಗೆಮನೆಗೆ ಜನವೋ ಜನ. ಎಲ್ಮೋ ಮೊದಲು ಹೋದ. ಮರದ ಬೊಡ್ಡೆ ಹಾರಿಸಲು ಡೈನಮೈಟ್ ಎಲ್ಲಿ ಸಿಗುತ್ತದೆಂದು ಕೆನಡಾದವನೊಬ್ಬನಿಗೆ ಬರೆದಿದ್ದನಂತೆ, ಖಂಡಿತ ಅದು ತಾನೇ ಎಂದ. ಪಾದ್ರಿಯೂ ಹೋದರು. ಕೇಳದಿದ್ದರೂ ಒಬ್ಬೊಬ್ಬರು ತಮ್ಮ ತಮ್ಮ ಗುಟ್ಟು ಬಿಚ್ಚಿಟ್ಟು, "ನಂದೇನಾ?" ಎಂದರು. ಸಂಘದ ಕೆಲಸ ವಾಪಸ್ ತಗೋ ಎಂದೂ ಬೇಡಿದರು. ಈಗಿನ ಹುಡುಗಿ ಚೆನ್ನಾಗಿ ನಡೆಸುತ್ತಿದ್ದಾಳೆ, ಅವಳನ್ನು ಏಕೆ ಏಳಿಸುತ್ತೀರಿ ಎಂದು ಕಳಿಸಿದಳು.

ನಾನು ಹನ್ನೊಂದು ದಿನ ತಡೆದೆ. ಹನ್ನೆರಡನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ ಹೋದೆ. ಅವಳು ಟರ್ನಿಪ್ ಗಡ್ಡೆ ಹೆಚ್ಚುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಕೂತ್ಕೋ ಎನ್ನುವಂತೆ ಚಾಕುವಿನಲ್ಲೇ ಕುರ್ಚಿ ತೋರಿಸಿ ಕಾಫಿ ಬಗ್ಗಿಸಿದಳು. ಸಿಗುವುದಿಲ್ಲವೆಂದುಕೊಂಡಿದ್ದೆ, ಸಿಕ್ಕಿತು.

"ಲೆಂಪಿ, ನಂಗೆ ನಿಜ ಹೇಳು. ಆ ಕಾಲ್ಚೀಲದ ವಿಷ್ಯ ಅಲ್ವಾ? ನಂದೇ ಹೆಸ್ರು ತಾನೇ?"

"ಹೇಳೋ ಹಾಗಿಲ್ಲ ಕಣೇ."

"ತಲೆ ಆಡ್ಸು ಸಾಕು. ನಿದ್ದೆ ಬರ್ತಿಲ್ಲ ನಂಗೆ. ನನ್ ಸಲುವಾಗಿ ನೀನು ಇಷ್ಟೆಲ್ಲ..."

ಅವಳು ತಲೆ ಆಡಿಸಲಿಲ್ಲ. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಒಂದ್ ಮಾತ್ ಕೇಳ್ಲಾ?" ಎಂದಳು. "ನಿಂದಲ್ಲ ಅಂತ ನಾನೀಗ ಹೇಳಿದ್ರೆ, ಕಾಫಿ ಕುಡ್ಕೊಂಡು ಹಾಗೇ ಎದ್ ಹೋಗ್ತೀಯೇನೇ?"

ನಿಜ ಹೇಳಬೇಕೆಂದರೆ, ನಾನು ಹೆಸರು ಕೇಳಲು ಬಂದಿದ್ದೆ. ಆ ಹೆಸರು ನನ್ನದಾಗಿದ್ದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ, ನನ್ನದಲ್ಲದಿದ್ದರೆ ಏನೆಂದು ಯೋಚಿಸಿಯೇ ಇರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದು ಕಾನೂನಿನ ಬೀಗಕ್ಕೆ. ಸಭೆಯ ಆ ಶನಿವಾರದಿಂದ ಮೂರೂಕಾಲು ವರ್ಷ ನಾನು ಅವಳಿಗೆ ಹೇಳಬೇಕಾಗಿದ್ದ ಒಂದೇ ಒಂದು ಮಾತಿಗೆ ಯಾವ ಸರ್ಕಾರವೂ ಅಡ್ಡ ಬಂದಿರಲಿಲ್ಲ.

"ತಪ್ಪಾಯ್ತು ಲೆಂಪಿ," ಎಂದೆ. ಹಿಂದಿನ ಸೀಟಿಗೆ ಮುಟ್ಟುವ ಗಂಟಲು ಮೇಜಿನಾಚೆಗೂ ಮುಟ್ಟಲಿಲ್ಲ. ಅವಳು ಸ್ವಲ್ಪ ಮುಂದೆ ಬಾಗಿ, "ಕೇಳಿಸ್ಲಿಲ್ಲ," ಎಂದಳು. ನಾನು ಎದ್ದು ನಿಂತು ಇನ್ನೊಮ್ಮೆ ಹೇಳಿದೆ.